ಮೂರನೇ ಮಹಡಿಯ ಗಣಕರಾಯರಿಗೆ, ಬುಧವಾರದ ಕಾಲು ಗಂಟೆಯ ಕುರಿತು

ನಾಶಿಕ, ಅಕ್ಟೋಬರ್ ೧೯೯೭

ಮಾನ್ಯರೇ,

ಪ್ರಭಾಕರನ ಮನೆಯ ಹಾಲಿನಲ್ಲಿ, ಸಾಗವಾನಿ ಮೇಜಿನ ಮೇಲೆ, ಎಡಬಲಕ್ಕೆ ಸ್ಪೀಕರುಗಳೆಂಬ ದ್ವಾರಪಾಲಕರನ್ನೂ ಕಾಲಬುಡದಲ್ಲಿ ವೂಫರ್ ಎಂಬ ಗುಡುಗುಡುಪ್ಪನನ್ನೂ ಇಟ್ಟುಕೊಂಡು ವಿರಾಜಿಸುತ್ತಿರುವ ಗಣಕರಾಯರ ಸನ್ನಿಧಿಗೆ, ಒಂದೇ ಗೋಡೆಯ ಆಚೆ ವಾಸವಾಗಿದ್ದರೂ ಯಾರ ಗಣನೆಗೂ ಬಾರದ ಬಿಂದುಮಾಧವನ ಸಾಷ್ಟಾಂಗ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ, ಅದು ದಿನಾ ಸಂಜೆ ಗೋಡೆ ದಾಟಿ ಕೇಳಿಸುತ್ತದೆ.

ಈ ಪತ್ರವನ್ನು ಮೆಟ್ಟಿಲ ಬುಡದ ಸೂಚನಾ ಫಲಕಕ್ಕೆ, ನೀರಿನ ಪಂಪಿನ ವೇಳಾಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದೇನೆ. ಇಪ್ಪತ್ತನಾಲ್ಕು ಮನೆಗಳ ಈ ಕಟ್ಟಡದಲ್ಲಿ ಕನ್ನಡ ಓದಬಲ್ಲವರೆಂದರೆ ನಾವು, ತಮ್ಮ ಯಜಮಾನ ಪ್ರಭಾಕರ ಮತ್ತು ಕೆಳಗೆ ಇಡ್ಲಿ ಮಾಡುವ ಜಯಕರ ಶೆಟ್ಟರು, ಇಷ್ಟೇ ಜನ. ಹೀಗಾಗಿ ಈ ಪತ್ರ ಬಹಿರಂಗವೂ ಹೌದು, ಅಂತರಂಗವೂ ಹೌದು.

ತಮ್ಮ ಯಜಮಾನನ ತ್ಯಾಗ ತಮಗೆ ಗೊತ್ತಿರಲಿಕ್ಕಿಲ್ಲ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಬ್ಯಾಂಕಿಗೆ ತಮ್ಮ ಅಜ್ಜ ಬರುತ್ತಾನೆಂಬ ಸುದ್ದಿ ಹಬ್ಬಿದಾಗ, ಕೆಲಸಕ್ಕೆ ಕಲ್ಲು ಬೀಳುತ್ತದೆಂದು ಹೆದರಿ ನಾನೂ ಪ್ರಭಾಕರನೂ ಕಪ್ಪುಪಟ್ಟಿ ಕಟ್ಟಿಕೊಂಡು ಕಂಪ್ಯೂಟರಿಗೆ ಧಿಕ್ಕಾರ ಕೂಗಿದ್ದೆವು. ಅವನ ಗಂಟಲು ಎಷ್ಟು ದೊಡ್ಡದಿತ್ತೆಂದರೆ ಮೈಕು ಬೇಕಾಗಿರಲಿಲ್ಲ. ನಾನು ನಿವೃತ್ತನಾದೆ, ಅವನು ಸಿನ್ನರ್ ಶಾಖೆಯಲ್ಲಿ ಆಫೀಸರಾದ. ಅಂದು ಬೀದಿಯಲ್ಲಿ ಧಿಕ್ಕರಿಸಿದ್ದನ್ನು ಇಂದು ಮನೆಯೊಳಗೆ ಪ್ರತಿಷ್ಠಾಪಿಸಿದ್ದಾನೆ. ಶತ್ರುವನ್ನು ಸದಾ ಕಣ್ಣೆದುರೇ ಇಟ್ಟುಕೊಳ್ಳಬೇಕು ಎಂಬ ರಾಜನೀತಿ ಇದ್ದೀತು.

ತಾವು ಗಣಪತಿಯ ಸಂಗಡವೇ, ಇಲಿಯ ಸಮೇತ ದಯಮಾಡಿಸಿದಿರಿ. ಗಣಪತಿ ಹತ್ತು ದಿನಕ್ಕೆ ಗೋದಾವರಿ ಸೇರಿದ. ತಾವು ಸೇರಲಿಲ್ಲ. ಅಂದಿನಿಂದ ತಮ್ಮ ದರ್ಶನದ ವಿಧಿಗಳು ಕಟ್ಟುನಿಟ್ಟು. ಚಪ್ಪಲಿ ಹೊರಗೆ ಬಿಡಬೇಕು, ಕಾಲು ತೊಳೆಯಬೇಕು, ಮಂದಿ ಸಾಲಾಗಿ ಕೂಡಬೇಕು. ಆಮೇಲೆ ಪ್ರಭಾಕರನ ಹೆಂಡತಿ ನೀರಜಾ, ತನ್ನ ಮದುವೆಯ ಪೈಠಣಿ ಸೀರೆಯ ಸೆರಗು ಕತ್ತರಿಸಿ ಹೊಲಿದ ಹೊದಿಕೆಯನ್ನು ತಮ್ಮ ಮೇಲಿಂದ ಎತ್ತುತ್ತಾಳೆ. ನವಿಲಿನ ಬುಟ್ಟಾ, ಜರಿ ಅಂಚು! ನಲವತ್ತು ವರ್ಷ ಸಂಸಾರ ಮಾಡಿದ ನನ್ನ ಭಾನುಮತಿಗೂ ಅಂಥದೊಂದು ಸಿಕ್ಕಿಲ್ಲ. ನಂತರ ಪ್ರಭಾಕರ ಮೇಜಿನ ಹಲಗೆ ಎಳೆದು ಕೀಲಿಮಣೆ ತೋರಿಸುತ್ತಾನೆ, ತೂರಿಸುತ್ತಾನೆ, ಮತ್ತೆ ಎಳೆದು ತೋರಿಸುತ್ತಾನೆ. ತಮ್ಮ ರ್‍ಯಾಮು ಎಷ್ಟು, ವ್ಯಾಟು ಎಷ್ಟು ಎಂದು ಅಷ್ಟೋತ್ತರ ಪಠಿಸಿ, ಕಡೆಗೆ ಹೆಲಿಕಾಪ್ಟರ್ ಬಿಡುತ್ತಾನೆ. "ಕಾಕಾ, ಎಡಕ್ಕ ಕೇಳ್ರಿ... ಹೂಂ, ಈಗ ಬಲಕ್ಕ ಬಂತು ನೋಡ್ರಿ!" ಅದು ಬಂದದ್ದೂ ಹೋದದ್ದೂ ನಿಜ. ಗಾಜು ಒಡೆಯುತ್ತದೆ, ನಾಯಿ ಬೊಗಳುತ್ತದೆ, ರೈಲು ಹಾಯುತ್ತದೆ, ಮನೆಯಲ್ಲಿ ಮಾತ್ರ ಯಾರೂ ಎಲ್ಲಿಗೂ ಹೋಗುವುದಿಲ್ಲ. ಇದನ್ನು ಧ್ವನಿವರ್ಧಕ ಎನ್ನುತ್ತಾರೆ; ನಾನು ಕಂಡಂತೆ ಧಣಿವರ್ಧಕ. ತಮ್ಮಿಂದ ಪ್ರಭಾಕರ ಇಲ್ಲಿಯವರೆಗೆ ಮಾಡಿಸಿದ ಕೆಲಸವೆಂದರೆ ತನ್ನ ಹೆಸರನ್ನು ಹದಿನೇಳು ಬಗೆಯ ಅಕ್ಷರಗಳಲ್ಲಿ ಬರೆಸಿದ್ದು.

ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಬೇರೆ ಇದೆ, ಮತ್ತು ಅದು ನನ್ನದಲ್ಲ, ಭಾನುಮತಿಯದು.

ನಮ್ಮಲ್ಲಿ ಒಂದು ಮುದಿ ರೇಡಿಯೋ ಇದೆ. ಸಂಜೆ ಹೊತ್ತು ಮುಳುಗಿದ ಮೇಲೆ ಅದರ ಮುಳ್ಳನ್ನು ಒಂದು ಕೂದಲೆಳೆಯಷ್ಟು ತಿರುವಿ, ಪೆಟ್ಟಿಗೆಯನ್ನು ಕಿಟಕಿಗೆ ಓರೆಯಾಗಿ ಇಟ್ಟರೆ, ಐದುನೂರು ಕಿಲೋಮೀಟರ್ ಆಚೆಯ ಧಾರವಾಡ ಬಂದು ಮಾತಾಡುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಈ ಊರಲ್ಲಿ ಭಾನುಮತಿಯ ತವರೆಂದರೆ ಅದೇ ಕೂದಲೆಳೆ. ತಾವು ಬಂದ ದಿನದಿಂದ ಅದು ಬರೀ ಕರಕರ ಅನ್ನುತ್ತಿದೆ. ರಿಪೇರಿಯ ಮಧುಕರ ಮೂರು ಸಲ ಬಿಚ್ಚಿ ನೋಡಿ, "ಕಾಕಾ, ರೇಡಿಯೋ ಏಕದಮ್ ಠೀಕ್. ತುಮಚಾ ಧಾರವಾಡಚ್ ಬಿಘಡಲಾ!" ಎಂದು ಧಾರವಾಡವೇ ಕೆಟ್ಟಿದೆಯೆಂದು ತೀರ್ಪು ಕೊಟ್ಟ.

ಕೆಟ್ಟದ್ದು ಯಾವುದೆಂದು ಗೊತ್ತಾದದ್ದು ದಸರೆಯಲ್ಲಿ. ಬಂಗಾರವೆಂದು ಎಲೆ ಕೊಡಲು ನಾವೆಲ್ಲ ತಮ್ಮ ಹಾಲಿಗೆ ಬಂದಿದ್ದೆವು. ಪ್ರಭಾಕರ ಗತ್ತಿನಿಂದ ಒಂದು ಗುಂಡಿ ಒತ್ತಿದ. ತಾವು ಸರ್ರನೆ ಕೈ ಚಾಚಿದಿರಿ. ದಸರೆಯ ದಿನ ಎದುರು ಚಾಚಿದ ಕೈಯನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ, ಅದು ಯಾರದೇ ಕೈ ಇರಲಿ. ಭಾನುಮತಿ ಅದರಲ್ಲೊಂದು ಎಲೆಯಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರಪಾ" ಎಂದು ಹರಸಿದಳು. ನಾನು ಅವಳ ಹಿಂದೆಯೇ, ಮುಷ್ಟಿಯಲ್ಲಿ ಬಂಗಾರ ಹಿಡಿದು ಭಕ್ತಿಯಿಂದ ನಿಂತಿದ್ದೆ. "ಅಯ್ಯ ಕಾಕೂ, ಅದು ಸಿಡಿ ಇಡೂದ್ರಿ!" ಎಂದು ಪ್ರಭಾಕರ ಹಾರಿ ಬರುವಷ್ಟರಲ್ಲಿ ತಾವು ಕೈ ಒಳಗೆಳೆದು ಎಲೆ ನುಂಗಿ, ಗರಗರ ಎಂದು ಕೆಮ್ಮಿ ಮೌನವಾದಿರಿ. ಪುಣೆಯಿಂದ ಇಂಜಿನಿಯರ್ ಬರುವತನಕ ಯಾರೂ ಮುಟ್ಟಕೂಡದೆಂದು ವೈರು ಕಿತ್ತಿಟ್ಟರು. ಅಂದು ಸಂಜೆ ಏಳಕ್ಕೆ ನಮ್ಮ ರೇಡಿಯೋದಲ್ಲಿ ಧಾರವಾಡ ಕೆಮ್ಮದೆ, ಉಗ್ಗದೆ ಮಾತಾಡಿತು. ಎಂಟು ದಿನ ಮಾತಾಡಿತು. ತಾವು ಗುಣಮುಖರಾದ ದಿನವೇ ಅದು ಮತ್ತೆ ಕಾಯಿಲೆ ಬಿತ್ತು.

ನೆರೆಹೊರೆಯ ಮರ್ಯಾದೆಗೆ ಪ್ರಭಾಕರನ ಬಳಿ ಹೋಗಿ ಇದನ್ನೆಲ್ಲ ಹೇಳಿದೆ. ಅವನು, "ಇನ್ನೂ ರೇಡಿಯೋ ಹಚ್ಚಿಕೊಂಡು ಕೂತೀರೇನ್ರಿ ಕಾಕಾ? ಭಂಗಾರದವಗ ಹಾಕ್ರಿ. ಬರ್ರಿ, ಹೆಲಿಕಾಪ್ಟರ್ ಕೇಳಸ್ತೀನಿ" ಎಂದ. ಈ ಊರಲ್ಲಿ ಭಂಗಾರ ಎಂದರೆ ಗುಜರಿ. ಬುಧವಾರ ಸಂಜೆ ಏಳರಿಂದ ಕಾಲು ಗಂಟೆ ತಮ್ಮನ್ನು ಆರಿಸಿಡು ಎಂದರೆ, "ಅವತ್ತs ರೀಜನಲ್ ಮ್ಯಾನೇಜರ್ ಸಾಹೇಬ್ರು ಇದನ್ನ ನೋಡಾಕ ಬರಾವ್ರು. ಮುಂದಿನ ಬುಧವಾರ ನೋಡೂಣಂತ" ಎಂದ. ಯಜಮಾನನಿಗೆ ಮೂರು ಬಾಯಿಯ ಯಂತ್ರವಿದ್ದು ಕಿವಿ ಇಲ್ಲವಾದ್ದರಿಂದ, ನೇರ ತಮ್ಮಲ್ಲಿಗೇ ಬಂದಿದ್ದೇನೆ.

ಆ ಬುಧವಾರದಲ್ಲಿ ಏನಿದೆ ಎನ್ನುತ್ತೀರಾ? ಭಾನುಮತಿಗೆ ಗೋದಾವರಿ ಎಂಬ ಅಕ್ಕ ಇದ್ದಾಳೆ. ಇಬ್ಬರೂ ಹುಡುಗಿಯರಿದ್ದಾಗ ಒಂದೇ ಬೀಸುವ ಕಲ್ಲಿನ ಗೂಟ ಹಿಡಿದು, ಒಂದು ಸೊಲ್ಲು ಅವಳು, ಒಂದು ಸೊಲ್ಲು ಇವಳು ಹಾಡುತ್ತ ಜೋಳ ಬೀಸಿದವರು. ಅರವತ್ತೈದನೆಯ ವಯಸ್ಸಿನಲ್ಲಿ ಅಕ್ಕನನ್ನು ಧಾರವಾಡ ಕೇಂದ್ರದವರು ಕರೆಸಿ ಆ ಪದಗಳನ್ನು ಹಾಡಿಸಿದರು. ಹೋದ ತಿಂಗಳು ಪ್ರಸಾರವಾದಾಗ ಭಾನುಮತಿ ರೇಡಿಯೋಕ್ಕೆ ಕಿವಿಯಂಟಿಸಿ ಕೂತಿದ್ದಳು. "ಗೋದಾವರಿಬಾಯಿ" ಎಂಬ ಹೆಸರು ಕೇಳಿತು. ಅಷ್ಟರಲ್ಲಿ ತಾವು ಎದ್ದಿರಿ. ಕಾಲು ಗಂಟೆ ಕರಕರದ ಮುಂದೆ ಕೂತು, ಅವಳು ಎದ್ದು ಒಲೆ ಹಚ್ಚಿದಳು. ಆಮೇಲೆ ಅಕ್ಕನ ಕಾರ್ಡು ಬಂತು: "ನಿನ್ನ ಪಾಲಿನ ಸೊಲ್ಲು ನಾನs ಹಾಡೇನಿ. ಬರೋಬ್ಬರಿ ಬಂತೇನ ಭಾನಿ? ಕೇಳಿ ಬರಿ." ಕೇಳಿದೆನೆಂದು ನಾನೇ ಬರೆದುಬಿಡುತ್ತೇನೆ ಎಂದೆ. "ಏನಾರ ಸುಳ್ಳ ಹೇಳ್ರಿ, ಇದೊಂದ ಬ್ಯಾಡ" ಎಂದಳು. ನಲವತ್ತು ವರ್ಷಗಳಲ್ಲಿ ಅವಳು ತಡೆದ ನನ್ನ ಮೊದಲ ಸುಳ್ಳು ಇದು. ಬುಧವಾರದ್ದು ಮರುಪ್ರಸಾರ. ಮೂರನೆಯದು ಇಲ್ಲವಂತೆ. ಕಾರ್ಡಿಗೆ ಉತ್ತರ ಇನ್ನೂ ಹೋಗಿಲ್ಲ.

ಆದಕಾರಣ ಸರ್ವಶಕ್ತರಾದ ತಮ್ಮಲ್ಲಿ ವಿನಂತಿ. ಒಂದೋ, ಬುಧವಾರ ಸಂಜೆ ತಮ್ಮ ಹೆಲಿಕಾಪ್ಟರ್ ಎಡದಿಂದ ಬಲಕ್ಕೆ ಹೋಗುವಾಗ ನಡುವೆ ನಮ್ಮ ಗಚ್ಚಿಯ ಮೇಲೆ ನಿಲ್ಲಿಸಿ, ಭಾನುಮತಿಯನ್ನು ಹತ್ತಿಸಿಕೊಂಡು ಧಾರವಾಡದಲ್ಲಿ ಇಳಿಸಬೇಕು. ಅದಾಗದಿದ್ದರೆ ತಾವೇ ಕಲ್ಲಿನ ಒಂದು ಬದಿ ಕೂತು, ಬೀಸುತ್ತ, ಅಕ್ಕನ ದನಿಯಲ್ಲಿ ಹಾಡಬೇಕು. ವೂಫರಿನಿಂದ ಕಲ್ಲಿನ ಸದ್ದನ್ನಾದರೂ ಹೊರಡಿಸಬಹುದು. ಎರಡೂ ತಮ್ಮ ರ್‍ಯಾಮಿಗೆ ಮೀರಿದ್ದಾದರೆ ಪೈಠಣಿ ಹೊದ್ದು ಕಾಲು ಗಂಟೆ ಮಲಗಿ. ಹೊದಿಕೆ ಎತ್ತದೆಯೇ ಸಾಹೇಬರು ನೋಡಲಿ. ಆ ನವಿಲುಗಳು ತಮಗಿಂತ ಚೆಂದ ಇವೆ.

ತಮ್ಮ ವಿಶ್ವಾಸಿ, ತಮಗಿಂತ ತುಸು ಹೆಚ್ಚು ಧಾರವಾಡದ ವಿಶ್ವಾಸಿ,
ಬಿಂದುಮಾಧವ ಕಟಗೇರಿ

ತಾ.ಕ.: ದಸರೆಯಲ್ಲಿ ಭಾನುಮತಿ ತಮ್ಮ ಕೈಯಲ್ಲಿ ಇಟ್ಟದ್ದು ಒಂದೇ ಎಲೆ. ಇಂಜಿನಿಯರ್ ಚಿಮಟಿಗೆಯಿಂದ ಎಳೆದು ತೆಗೆದದ್ದು ಮೂರು ಎಂದು ಕೇಳಿದೆ. ಉಳಿದೆರಡರ ಬಗ್ಗೆ ನನಗೇನೂ ಗೊತ್ತಿಲ್ಲ. ಸಾಹೇಬರ ಗೌರವಾರ್ಥ ಬುಧವಾರ ಆರೂ ಮುಕ್ಕಾಲಿಗೆ ಕಾಲು ತೊಳೆದುಕೊಂಡು ನಾನೂ ದರ್ಶನಕ್ಕೆ ಬರುವವನಿದ್ದೇನೆ. ಕಟ್ಟಡದ ಹಿಂದಿನ ಗಿಡದಲ್ಲಿ ಬಂಗಾರ ಇನ್ನೂ ಬೇಕಾದಷ್ಟಿದೆ.