ಕಂಪ್ಯೂಟರ್ ಕ್ಲಾಸಿನ ಬಾಗಿಲ ಸ್ಟೂಲು

ಕಂಪ್ಯೂಟರ್ ಇರುವ ಕಡೆ ದಿನಕ್ಕೊಂದು ಎಡವಟ್ಟು ಆಗದೆ ಇರುವುದಿಲ್ಲ. ನಮ್ಮಲ್ಲಿ ಎಡವಟ್ಟು ಮಾಡಿದವರೆಲ್ಲ ಮೊದಲು ನನ್ನ ಹತ್ತಿರ ಬರುತ್ತಿದ್ದರು. ನಾನು ಓದಿರುವುದು ನಾಲ್ಕನೇ ಕ್ಲಾಸು.

ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಯ ಮೇಲಿನ ಮಹಡಿ. ಎಂಟು ಕಂಪ್ಯೂಟರ್, ಒಬ್ಬರು ಮೇಡಂ. ಫ್ಲಾಪಿ ಕಾಲ. ಬಾಗಿಲ ಪಕ್ಕ ಒಂದು ಸ್ಟೂಲು. ಅದರ ಮೇಲೆ ಮೊದಲು ಕೂರುತ್ತಿದ್ದವಳು ನನ್ನ ಹೆಂಡತಿ. ಕಸ ಗುಡಿಸುವುದು, ಚಪ್ಪಲಿ ಹೊರಗೆ ಬಿಡಿಸುವುದು ಅವಳ ಕೆಲಸ. ಇನ್ನೊಂದು ಕೆಲಸ ತಾನಾಗಿ ಬಂದಿತ್ತು. ಯಾರದಾದರೂ ಪ್ರೋಗ್ರಾಂ ಕೈಕೊಟ್ಟರೆ ಮೇಡಂ, "ಮೊದಲು ಆಯಮ್ಮನಿಗೆ ಹೇಳಿ ಬನ್ನಿ" ಅನ್ನುತ್ತಿದ್ದರು. ಅವಳಿಗೆ ಏನೂ ಗೊತ್ತಿಲ್ಲ. ಏನೂ ಗೊತ್ತಿಲ್ಲದವಳಿಗೆ ಮೊದಲಿಂದ ಹೇಳಬೇಕಲ್ಲ. ಅರ್ಧ ಹೇಳುವಷ್ಟರಲ್ಲಿ ಅವರಿಗೇ ತಪ್ಪು ಕಾಣುತ್ತಿತ್ತು. "ಅಯ್ಯೋ, ಸಿಕ್ತು!" ಅಂತ ಓಡುತ್ತಿದ್ದರು.

ಅವಳು ಆಸ್ಪತ್ರೆ ಸೇರಿದಳು. ವಾಪಸ್ ಬರಲಿಲ್ಲ. ಕೊನೆಗೆ ಎರಡು ಮಾತು ಹೇಳಿದಳು. ಒಂದು, "ಹೊಂಗನೂರು ಸೊಸೆ ಹುಡ್ಗಿ ಪ್ರೋಗ್ರಾಂ ಇನ್ನೂ ಮುಗ್ದಿಲ್ಲ. ಮೇಡಂ ಕರುದ್ರೆ ಹೋಗಿ ಕೂತ್ಕೊ." ಇನ್ನೊಂದು, "ನೀನು ಬರೀ ಹೂಂ ಅಂತೀಯ. ಅಷ್ಟು ಸಾಲ್ದು. ಆಮೇಲೆ ಅಂತ ಕೇಳ್ಬೇಕು."

ನಾನು ಹೂಂ ಅಂದೆ.

ಗೊಂಬೆ ಕಾರ್ಖಾನೆಯಲ್ಲಿ ನನ್ನ ಲೇತ್ ಕೆಲಸ ಕಮ್ಮಿಯಾಗಿತ್ತು. ಮೇಡಂ ಕರೆದರು. ಹೋಗಿ ಕೂತೆ.

ಹೊಂಗನೂರು ಸೊಸೆಯ ವಿಷಯ ಇಷ್ಟು. ರೇಷ್ಮೆ ಹುಳ ಸಾಕುವ ಮನೆ. ಅತ್ತೆ ಮೂರು ತಿಂಗಳಿಗೆ ಕಳಿಸಿದ್ದರು. ಮೂರು ತಿಂಗಳು ಮುಗಿಯುವ ಶುಕ್ರವಾರ ತಾವೇ ಬಂದು ನೋಡುತ್ತಾರಂತೆ. ಮನೆಗೆ ಉಪಯೋಗ ಕಂಡರೆ ಇನ್ನೂ ಕಲಿಯಬಹುದು. ಕಾಣದಿದ್ದರೆ ಅವತ್ತೇ ಕೊನೆ. ಈಕೆ ಹುಳಕ್ಕೆ ದಿನಕ್ಕೆ ಎಷ್ಟು ಸೊಪ್ಪು ಅಂತ ಹೇಳುವ ಪ್ರೋಗ್ರಾಂ ಬರೆಯುತ್ತಿದ್ದಳು. ನನ್ನ ಹೆಂಡತಿಗೆ ಎಲ್ಲ ಹೇಳಿಕೊಳ್ಳುತ್ತಿದ್ದಳಂತೆ. ನನ್ನ ಮುಂದೆಯೂ ಬಂದು ನಿಂತಳು. ಮೂಲೆಯ ಪೊರಕೆ ನೋಡಿದಳು. ಏನೂ ಹೇಳದೆ ಹೋದಳು.

ಓಕೆ ಒತ್ತಿದ ಸಾಬರು

ನನ್ನ ಮೊದಲ ಗಿರಾಕಿ ಒಬ್ಬ ಸಾಬರು. ಗೊಂಬೆಗೆ ಅರಗು ಬಣ್ಣ ಹಚ್ಚುವವರು, ನನಗೆ ಹಳೇ ಪರಿಚಯ. ಬೆಳಿಗ್ಗೆ ಬಂದು ಕೂತವರು ಊಟದ ಹೊತ್ತಾದರೂ ಏಳಲಿಲ್ಲ. ಟಕ್ ಟಕ್ ಅಂತ ಮೌಸ್ ಒತ್ತುತ್ತಲೇ ಇದ್ದರು. ಪರದೆ ಮೇಲೆ ಒಂದು ಚಿಕ್ಕ ಡಬ್ಬಿ. ಅದರಲ್ಲಿ 'ನಮಸ್ಕಾರ' ಅಂತ ಇದೆ. ಓಕೆ ಒತ್ತಿದರೆ ಹೋಗುತ್ತದೆ. ತಕ್ಷಣ ಇನ್ನೊಂದು ನಮಸ್ಕಾರ ಬರುತ್ತದೆ.

"ಏನ್ ಭಾಯ್ ಇದು?" ಅಂದೆ.

"ಹತ್ತು ಸಲ ನಮಸ್ಕಾರ ಹೇಳು ಅಂತ ಬರ್ದೆ. ನಿಲ್ತಾನೇ ಇಲ್ಲ. ಒಳಗೆ ಎಷ್ಟು ತುಂಬ್ಕೊಂಡೈತೋ, ಎಲ್ಲಾ ಖಾಲಿ ಮಾಡೇ ಏಳೋದು."

ಹೆಂಡತಿ ಹೇಳಿಕೊಟ್ಟಿದ್ದು ನೆನಪಾಯಿತು. "ಹೂಂ. ಆಮೇಲೆ?"

"ಆಮೇಲೆ ಏನು, ಒಂದರಿಂದ ಶುರು ಮಾಡು ಅಂದೆ. ಹತ್ತು ಆಗೋಗಂಟ ಹೇಳು ಅಂದೆ."

"ಆಮೇಲೆ?"

"ಆಮೇಲೆ ಒಂದು... ಅರೆ! ಒಂದು ಎರಡಾಗು ಅಂತ ಹೇಳೇ ಇಲ್ವಲ್ಲ! ಒಂದರಲ್ಲೇ ನಿಂತೈತೆ ಪಾಪ!"

ಲೇತಿನಲ್ಲೂ ಹಾಗೇ. ಉಳಿ ಮುಂದಕ್ಕೆ ತಳ್ಳದಿದ್ದರೆ ಮರ ಸುಮ್ಮನೆ ಸುತ್ತುತ್ತಿರುತ್ತದೆ, ಗೊಂಬೆ ಆಗುವುದಿಲ್ಲ. ಅಷ್ಟು ನನಗೂ ತಿಳಿಯಿತು.

ಸರಿಮಾಡಿ ಎದ್ದವರು ಬಾಗಿಲಲ್ಲಿ ನನಗೆ ಕೈ ಮುಗಿಯಲು ಹೋಗಿ ಥಟ್ಟನೆ ಕೈ ಇಳಿಸಿದರು. "ಬ್ಯಾಡ ಭಾಯ್. ಇವತ್ತಿಂದು ಸಾಕು."

ಹೆಡ್‌ಮಾಷ್ಟರ ಎರಡು ಗುಂಡಿ

ರಿಟೈರ್ಡ್ ಹೆಡ್‌ಮಾಷ್ಟರೊಬ್ಬರು ಹೊತ್ತು ಹೋಗಲಿ ಅಂತ ಸೇರಿದ್ದರು. ಅವರ ಪ್ರೋಗ್ರಾಮಿನಲ್ಲಿ ಎರಡು ಗುಂಡಿ. ಒಂದರ ಮೇಲೆ 'ಉಳಿಸು', ಇನ್ನೊಂದರ ಮೇಲೆ 'ಮುಚ್ಚು'. ಉಳಿಸು ಒತ್ತಿದರೆ ಏನೂ ಆಗುವುದಿಲ್ಲ. ಅದಕ್ಕೆ ಅವರು ಗುಂಡಿಗೆ ಬಯ್ಯುತ್ತಿದ್ದರು, ಹಿಂದಿನ ಬೆಂಚಿನವರಿಗೆ ಬಯ್ದ ಹಾಗೆ.

ನನ್ನ ಹತ್ತಿರ ಬಂದು ನಿಂತೇ ಪಾಠ ಶುರು ಮಾಡಿದರು. "ನೋಡಪ್ಪಾ, ಯಾವ ಗುಂಡಿಯನ್ನು ಎರಡು ಸಲ ಕುಟ್ಟುತ್ತೇವೋ ಅದರ ಹಿಂದೆ ಬರೆಯುವ ಜಾಗ ತೆರೆಯುತ್ತದೆ. ಅಲ್ಲಿ ಬರೆದ ಕೆಲಸವನ್ನು ಆ ಗುಂಡಿ ಮಾಡುತ್ತದೆ. ತಿಳೀತಾ?"

"ಹೂಂ. ಆಮೇಲೆ?"

"ಆಮೇಲೆ ನಾನು ಕುಟ್ಟಿದೆ."

"ಯಾವುದನ್ನ ಸಾರ್?"

ಮಾಷ್ಟರು ಥಟ್ಟನೆ ತಿರುಗಿದರು. ಹೋಗಿ ಮುಚ್ಚು ಅನ್ನುವುದನ್ನು ಒತ್ತಿದರು. ಅದು ಲಕ್ಷಣವಾಗಿ ಉಳಿಸಿತು.

ಸರಿಮಾಡಿ ಅಂತ ಮೇಡಂ ಅಂದರು. ಮಾಷ್ಟರು ಒಪ್ಪಲಿಲ್ಲ. "ಇರಲಿ ಬಿಡಮ್ಮ. ನನ್ನ ಪೆನ್ಷನ್ ಫೈಲೂ ಹೀಗೇ ಆಗಿದ್ದು. ಅರ್ಜಿ ಕೊಟ್ಟ ಕಿಟಕಿಯಲ್ಲಿ ಏನೂ ಆಗಲಿಲ್ಲ, ಬಾಗಿಲು ಹಾಕ್ತೀವಿ ಅಂದ ಕಿಟಕಿಯಲ್ಲೇ ಕೆಲಸ ಆಯ್ತು."

ಮಾಗಡಿಯವನ ಗೋಣಿಚೀಲ

ಮಾಗಡಿ ಕಡೆಯವನೊಬ್ಬ. ತೆಂಗಿನಕಾಯಿ ವ್ಯಾಪಾರಿ. ಎರಡು ಬಸ್ ಹಿಡಿದು ಬರುತ್ತಿದ್ದ. ಪ್ರೋಗ್ರಾಂ ಮುಗಿಸಿ, ಅದನ್ನು ತೆರೆಯಲು ಪರದೆ ಮೇಲೆ ಒತ್ತುವ ಪುಟ್ಟ ಚಿತ್ರವನ್ನು ಫ್ಲಾಪಿಗೆ ಹಾಕಿಕೊಂಡು, ಊರಲ್ಲಿ ಭಾವಮೈದನ ಅಂಗಡಿಯ ಕಂಪ್ಯೂಟರಲ್ಲಿ ತೋರಿಸಲು ಹೋದ. ನೋಡಲು ಹತ್ತು ಜನ ಬೇರೆ ಸೇರಿದ್ದರಂತೆ. ಚಿತ್ರ ಕಾಣುತ್ತದೆ, ಒತ್ತಿದರೆ ತೆರೆಯುವುದಿಲ್ಲ.

ಮಾರನೇ ದಿನ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಮಾನ ಹೋಯ್ತು ಕಣಣ್ಣ. ಇಲ್ಲಿ ಓಡ್ತೈತೆ, ಅಲ್ಲಿ ಓಡಾಕಿಲ್ಲ."

"ಹೂಂ. ಆಮೇಲೆ?"

"ಆಮೇಲೆ ಏನೈತೆ? ಚಿತ್ರದ ಮೂಲೇಲಿ ಒಂದು ಪುಟ್ಟ ಬಾಣ ಇತ್ತು. ಅದು ಪ್ರೋಗ್ರಾಂ ಎಲ್ಲೈತೆ ಅಂತ ದಾರಿ ತೋರ್ಸೋ ಬಾಣ ಅಷ್ಟೆ ಅಂತ ಮೇಡಂ ಹೇಳಿದ್ರು..." ತಲೆ ಮೇಲೆ ಕೈ ಇಟ್ಟುಕೊಂಡ. "ಥೂ! ಅಡ್ರೆಸ್ ಬರ್ಕೊಂಡು ಹೋಗಿವ್ನಿ, ಮನೇನ ಇಲ್ಲೇ ಬುಟ್ಟಿವ್ನಿ!"

ಮಾರನೇ ದಿನ ಗೋಣಿಚೀಲ, ಹಗ್ಗ ತಗೊಂಡು ಬಂದ. ಕಾಯಿ ತಂದಿದ್ದಾನೆ ಅಂತ ಖುಷಿಪಟ್ಟೆ. ಅವನು ಚೀಲದ ಬಾಯಿ ಬಿಡಿಸಿ ಮೇಡಂ ಕಡೆ ನೋಡಿದ. "ಈ ಸಲ ಯಾವ ರಗಳೆನೂ ಬ್ಯಾಡ ಮೇಡಂ. ಕಂಪ್ಯೂಟರ್ ಡಬ್ಬೀನೇ ಒಂದು ದಿನಕ್ಕೆ ಕೊಡಿ."

ಸಾವಿರದ ಇನ್ನೂರ ಹದಿನೈದು

ಶುಕ್ರವಾರ ಬಂತು. ಅತ್ತೆ ಬಂದರು. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಹುಳದ ಮನೆಗೆ ಹೋಗುವ ಹಾಗೆ ಒಳಗೆ ಬಂದರು. ಸೊಸೆಯ ಮುಖ ಬಿಳಿಚಿತ್ತು. ಅಷ್ಟು ದಿನವೂ ಅವಳು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ. ಹೆಂಡತಿ ಹೇಳಿ ಹೋಗಿದ್ದು ಇವಳೊಬ್ಬಳ ವಿಷಯ. ಇವಳೊಬ್ಬಳನ್ನೇ ನಾನು ಕೇಳದೆ ಬಿಟ್ಟಿದ್ದೆ.

ಸೊಸೆ ಪ್ರೋಗ್ರಾಂ ತೆರೆದಳು. ಬೆಳಿಗ್ಗೆ ಸೊಪ್ಪಿಗೆ ಒಂದು ಖಾನೆ, ಸಂಜೆ ಸೊಪ್ಪಿಗೆ ಒಂದು. "ಎಷ್ಟು ಹಾಕ್ಲಿ ಅತ್ತೆ?"

"ನಾಕನೇ ಜ್ವರ ಎದ್ದು ಪೊರೆ ಬಿಟ್ಟ ಹುಳಕ್ಕಾ? ಬೆಳಿಗ್ಗೆ ಹನ್ನೆರಡು ಮಂಕರಿ, ಸಂಜೆಗೆ ಹದಿನೈದು."

ಒತ್ತಿದಳು. ಒಟ್ಟು: 1215.

ಅತ್ತೆ ಮುಂದೆ ಬಗ್ಗಿ ಓದಿದರು. "ಸಾವಿರದ ಇನ್ನೂರ ಹದಿನೈದು ಮಂಕರಿ ಸೊಪ್ಪಾ? ಏನಮ್ಮಿ, ನಾವು ಸಾಕ್ತಿರೋದು ಹುಳಾನೋ ಆನೇನೋ?"

"ನಿನ್ನೆವರ್ಗೂ ಸರಿಯಾಗೇ ಬರ್ತಿತ್ತು ಅತ್ತೆ..." ಸೊಸೆಯ ಕಣ್ಣು ತುಂಬಿತು. ಮೇಡಂ ಎದ್ದರು. ನನಗೆ ಏನಾಯಿತೋ. ಸ್ಟೂಲು ಎತ್ತಿಕೊಂಡು ಹೋಗಿ ಅತ್ತೆಯ ಹಿಂದೆ ಇಟ್ಟೆ. "ಕೂತ್ಕಳಿ ಅಮ್ಮ. ಏನಾಯ್ತು, ನಂಗೆ ಹೇಳಿ."

"ನೀನ್ಯಾರಯ್ಯ?"

"ಕಸ ಗುಡಿಸೋನು."

ಅವರು ಕೂತರು. ಸಿಟ್ಟಲ್ಲೇ ಹೇಳಿದರು. "ಹನ್ನೆರಡು ಅಂದೆ. ಹದಿನೈದು ಅಂದೆ."

"ಹೂಂ. ಆಮೇಲೆ?"

"ಇಪ್ಪತ್ತೇಳು ಅನ್ಬೇಕು ತಾನೆ? ಇದು ಹನ್ನೆರಡು ಇಟ್ಕತು, ಅದ್ರ ಪಕ್ಕಕ್ಕೆ ಹದಿನೈದು ತಂದು ಇಟ್ಟುಬುಡ್ತು. ಕೂಡ್ಲೇ ಇಲ್ಲ ಕಣಯ್ಯ. ಮಂಕರಿ ಸಾಲಾಗಿ ಜೋಡ್ಸಿದಂಗೆ ಜೋಡ್ಸೈತೆ, ಅಷ್ಟೆ!"

ನಾನು ಈ ಸಲ ಸೊಸೆ ಕಡೆ ತಿರುಗಿದೆ. "ಆಮೇಲೆ, ತಾಯಿ?"

ಅವಳು ನನ್ನನ್ನು ನೋಡಿದಳು. ಮೊದಲ ಸಲ. "ನಾನು ಯಾವಾಗ್ಲೂ ಬೆಳಿಗ್ಗೆದೊಂದೇ ತುಂಬಿ ನೋಡ್ತಿದ್ದೆ. ಸಂಜೆದು ಖಾಲಿ ಬಿಡ್ತಿದ್ದೆ. ಅದಕ್ಕೇ ಗೊತ್ತಾಗ್ಲಿಲ್ಲ. ಖಾನೇಲಿ ಬರೆದಿದ್ದನ್ನ ಅದು ಲೆಕ್ಕ ಅನ್ಕೊಳಲ್ಲ, ಬರೀ ಅಕ್ಷರ ಅನ್ಕೊಳುತ್ತೆ. ಇದು ಸಂಖ್ಯೆ ಅಂತ ನಾವು ಹೇಳ್ಬೇಕು... ಅಯ್ಯೋ, ಸಿಕ್ತು!"

ಕೀಬೋರ್ಡಿಗೆ ಬಗ್ಗಿದಳು. ಎರಡು ಕಡೆ ಏನೋ ಮೂರಕ್ಷರ ಸೇರಿಸಿದಳು. ಒತ್ತಿದಳು. ಇಪ್ಪತ್ತೇಳು.

ಆ "ಸಿಕ್ತು" ಕೇಳಿ ನಾನು ಕಿಟಕಿ ಕಡೆ ತಿರುಗಿದೆ. ನನ್ನ ಹೆಂಡತಿ ದಿನಾ ಸಂಜೆ ಮನೆಗೆ ಬಂದು ಇದನ್ನೇ ಹೇಳುತ್ತಿದ್ದಳು. ಯಾರಿಗೆ ಏನು ಸಿಕ್ತು, ಹೇಗೆ ಸಿಕ್ತು. ನಾನು ಹೂಂ ಹೂಂ ಅಂತ ಉಣ್ಣುತ್ತಿದ್ದೆ. ಆಮೇಲೆ ಅಂತ ಒಂದು ದಿನವೂ ಕೇಳಲಿಲ್ಲ.

ಅತ್ತೆ ಪರದೆ ಮೇಲೆ ಬೆರಳಿಟ್ಟು ಇಪ್ಪತ್ತೇಳು ಅನ್ನುವುದನ್ನು ಎರಡು ಸಲ ಮುಟ್ಟಿದರು. "ಸೋಮವಾರದಿಂದ ನೀನು ಬಸ್ಸು ಹತ್ತಿ ಕ್ಲಾಸಿಗೆ ಬಾರಮ್ಮಿ. ಸೊಪ್ಪು ನಾ ತತ್ತೀನಿ. ತಪ್ಪು ಕಂಡುಹಿಡ್ದೋಳು ನಮ್ಮತ್ತೆ ಅಂತ ಊರಲ್ಲಿ ಹೇಳು."

ಹೊರಟವರು ಬಾಗಿಲಲ್ಲಿ ನನ್ನ ಮುಂದೆ ನಿಂತರು.

"ಅಲ್ಲ ಕಣಯ್ಯ, ಹೂಂ ಅನ್ನಾಕೂ ಇಲ್ಲಿ ಸಂಬಳ ಕೊಡ್ತಾರಾ?"

"ಹೂಂ."

"ನಮ್ಮೆಜಮಾನ್ರು ಮೂವತ್ತು ವರ್ಸದಿಂದ ಹೂಂ ಅಂತಾವ್ರೆ. ಮನೇಲಿ ದಂಡಕ್ಕೆ ಕೂತವ್ರೆ. ಇನ್ನೊಂದು ಸ್ಟೂಲು ಹಾಕ್ಸಿ, ಕಳಿಸ್ತೀನಿ."

"ಹೂಂ ಒಂದೇ ಸಾಲ್ದು ಅಮ್ಮ. ಆಮೇಲೆ ಅಂತ ಕೇಳ್ಬೇಕು."

ಅತ್ತೆ ಯೋಚನೆ ಮಾಡಿದರು. ಒಂದು ಮೆಟ್ಟಿಲು ಇಳಿದರು. ಅಲ್ಲೂ ನಿಂತು ಯೋಚನೆ ಮಾಡಿದರು.

"ಹಂಗಾದ್ರೆ ನಮ್ಮೆಜಮಾನ್ರಿಗೆ ಈ ಕೆಲ್ಸ ಸಿಗಾಕಿಲ್ಲ ಬುಡು."