ಹೆಬ್ಬೆರಳು ಕಟ್ಟಿಸಿಕೊಂಡ ಡ್ರೈವರು

ಎಂಆರ್‌ಐ ತೆಗೆಯೋದು ನನ್ನ ಕೆಲಸ. ಮಷೀನು ಬಲು ಶಿಸ್ತಿನದು, ಒಳಗೆ ಮಲಗೋರು ಮಾತ್ರ ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆಯೋರು. ಹಾಗಾಗಿ ಸಪ್ಪಗೆ ಕಳೆದ ದಿನ ಅಂತ ಒಂದೂ ನೆನಪಿಲ್ಲ. ಮುಂದೆ ಹೇಳೋದರಲ್ಲಿ ಮುಕ್ಕಾಲು ನಿಜ, ಉಳಿದದ್ದು ನನ್ನ ಕೊಸರು.

ಉಡಿದಾರ

ಹಡಗಲಿ ರೂಟಿನ ಬಸ್ ಡ್ರೈವರೊಬ್ಬ ಹೆಂಡತಿಯ ಹೆಗಲು ಹಿಡಿದು ಕುಂಟುತ್ತ ಬಂದ. ಬಲತೊಡೆಯ ಮೂಳೆಯ ತುದಿಯಲ್ಲಿ ಸೊಂಟದೊಳಗೆ ಕೂರುವ ಗುಂಡು ಇದೆಯಲ್ಲ, ಅದಕ್ಕೆ ರಕ್ತ ಹರೀತಿದ್ರೆ ಮಾತ್ರೆ ಸಾಕು, ನಿಂತಿದ್ರೆ ಆಪರೇಷನ್ ಅಂದಿದ್ದರು ಡಾಕ್ಟರು. ಆಪರೇಷನ್ ಆದ್ರೆ ಸ್ಟೇರಿಂಗ್ ಕೈ ತಪ್ಪುತ್ತೆ ಅನ್ನೋದೇ ಅವನ ಚಿಂತೆ.

ಬೆಳ್ಳಿ ಉಡಿದಾರ ಬಿಚ್ಚು, ಚಿತ್ರ ಕೆಡುತ್ತೆ ಅಂದೆ. "ಅದನ್ನ ಬಿಚ್ಚೋದು ಹೆಣಕ್ಕರೀ" ಅಂದ. ಕೊನೆಗೆ ಒಪ್ಪಂದವಾಯ್ತು: ಮೊದಲು ನೂಲಿನ ದಾರ ಕಟ್ಟಬೇಕು, ಆಮೇಲೆ ಬೆಳ್ಳಿ ಬಿಚ್ಚಬೇಕು, ಸೊಂಟ ಒಂದು ಗಳಿಗೆಯೂ ಖಾಲಿ ಇರಬಾರದು. ಬಿಚ್ಚಿದ್ದನ್ನು ಹೆಂಡತಿ ತನ್ನ ಸೊಂಟಕ್ಕೆ ಹಾಕಿ ನೋಡಿಕೊಂಡು, "ಅವಸರ ಇಲ್ರಿ ಸರ, ನಿಧಾನಕ್ಕ ಮಾಡ್ರಿ" ಅಂದಳು.

ಬ್ರೇಕು

ಮಷೀನು ಕಟಕಟ ಕುಟ್ಟಿದ್ದೇ ತಡ, ಅವನ ಬಲಗಾಲು ಮುಂದಕ್ಕೆ ಒತ್ತಿತು. ಚಿತ್ರದಲ್ಲಿ ಗುಂಡು ಕಲಸಿದ ಮುದ್ದೆ. ಯಾಕಪ್ಪಾ ಅಂತ ಮೈಕಿನಲ್ಲಿ ಕೇಳಿದರೆ, ಗಾಡಿಯೊಳಗ ಇಂಥ ಸದ್ದು ಬಂದ್ರ ಬ್ರೇಕ್ ಹಾಕದ ಇರೋದು ಹೆಂಗ್ರಿ ಅಂತ ನನ್ನನ್ನೇ ಕೇಳಿದ.

ನನಗೋ ಸುಮ್ಮನಿದ್ದು ಗೊತ್ತಿಲ್ಲ. "ಎದುರಿಗೆ ಕುರಿಹಿಂಡು ಬಂತು" ಅಂದೆ. ಅವನು ಒತ್ತಿದ ರಭಸಕ್ಕೆ ಮಂಚವೇ ಅಲುಗಿತು. ಕುರಿ ಉಳಿದವು, ನನ್ನ ಚಿತ್ರ ಹೋಯಿತು.

ಹೆಬ್ಬೆರಳು

ಕಡೆಗೆ ಎರಡೂ ಪಾದ ಒಳಕ್ಕೆ ತಿರುಗಿಸಿ, ಹೆಬ್ಬೆರಳು ಜೋಡಿಸಿ ಪಟ್ಟಿ ಸುತ್ತಿದೆ. ಸೊಂಟದ ಸ್ಕ್ಯಾನಿಗೆ ಅದೇ ಪದ್ಧತಿ. ಚಳಿ ಅಂದನಲ್ಲ ಅಂತ ಬಿಳಿ ಚಾದರವನ್ನೂ ಹೊದಿಸಿದೆ. ನಮ್ಮಲ್ಲಿ ಹೆಣಕ್ಕೂ ಇದೇ ಪದ್ಧತಿ ಅನ್ನೋದು ಗಾಜಿನಾಚೆ ಹೆಂಡತಿ ಚೀರಿದಾಗಲೇ ನೆನಪಾಗಿದ್ದು. ನಾನು ಓಡಿಹೋಗಿ ಬಿಡಿಸಿ ಹೇಳೋವಷ್ಟರಲ್ಲಿ ಹರಪನಹಳ್ಳಿಯಲ್ಲಿದ್ದ ಅವಳ ತಮ್ಮನಿಗೆ ಫೋನು ಹೋಗಿತ್ತು. ಮತ್ತೆ ಮಾಡಿದರೆ ಅವನು ಎತ್ತಲಿಲ್ಲ. ಬೈಕಿನ ಮೇಲಿದ್ದ.

ಚಿತ್ರವೇನೋ ಕನ್ನಡಿ ಹಾಗೆ ಬಂತು. ರಕ್ತ ಹರೀತಿದೆ, ಆಪರೇಷನ್ ಬೇಡ, ಹದಿನೈದು ದಿನ ಮನೇಲಿ ಮಲಗು ಅಂದರು ಡಾಕ್ಟರು. ಸ್ಟೇರಿಂಗ್ ಉಳೀತು ಅಂತ ಡ್ರೈವರು ನಗುತ್ತ ಹೊರಗೆ ಬಂದರೆ, ಬಾಗಿಲಲ್ಲಿ ಹಾರ ಹಿಡಿದ ಮೈದುನ. ಬಾವ ಬದುಕಿದ್ದಾನೆ ಅಂತ ತಬ್ಬಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಮುಖ ಇನ್ನಷ್ಟು ಸಣ್ಣದಾಯ್ತು.

"ಬಾವಾ, ನೀವು ತೀರಿಕೊಂಡ್ರಿ ಅಂತ ಆಫೀಸಿನಾಗ ಹದಿಮೂರು ದಿನ ರಜಾ ಬರ್ದು ಕೊಟ್ಟು ಬಂದೀನಿ."

ಡ್ರೈವರು ಅವನ ಬೆನ್ನು ತಟ್ಟಿದ. "ಚಿಂತಿ ಮಾಡಬ್ಯಾಡಲೇ. ಹದಿನೈದು ದಿನ ನಾ ಮನಿ ಬಿಟ್ಟು ಹೊರಗ ಬರಂಗಿಲ್ಲ. ಆಮ್ಯಾಲೆ ಮಾತ್ರ ನಿಮ್ಮ ಸಾಹೇಬ್ರು ನನ್ನ ಬಸ್ಸು ಹತ್ತದಂಗ ನೋಡ್ಕ."