ಒಂದು ಮಗುವಿನ ತೂಕ

ಶಿವರಾತ್ರಿ ಹತ್ತಿರ ಬಂದಿತ್ತು. ಚಳಿ ಬೆಳಗಿನ ಜಾವಕ್ಕೆ ಮಾತ್ರ ಉಳಿದುಕೊಂಡು, ಬಿಸಿಲೇರುತ್ತಲೇ ತೋಟದ ಗರಿಗಳ ಸಂದಿನಿಂದ ಜಾರಿಕೊಳ್ಳುತ್ತಿತ್ತು. ದಂಡಿನಶಿವರದಿಂದ ಒಂದಿಷ್ಟು ಒಳಗಿರುವ ಕೋಡಿಪಾಳ್ಯದಲ್ಲಿ ಯಾವ ಮನೆ ಮುಂದೆ ನಿಂತರೂ ಟಕ್ ಟಕ್ ಎನ್ನುವ ಒಂದೇ ಸದ್ದು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ಕಾಲ. ಏಕಾಂತಯ್ಯನ ಪಡಸಾಲೆಯಲ್ಲಿ ಕೂಲಿಗೆ ಬಂದ ಕಾಳಕ್ಕ ಹೊತ್ತು ಮೂಡಿದಾಗಿನಿಂದ ಕೂತು ಚಿಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೊಬ್ಬರಿಯ ರಾಶಿ ಮಲಗಿದ ಎಮ್ಮೆಯ ಹಾಗೆ ಬೆಳೆದಿತ್ತು.

ಆ ಎಮ್ಮೆಯನ್ನು ಏಕಾಂತಯ್ಯನ ಮಗ ಯೋಗೀಶ ಗಳಿಗೆಗೊಂದು ಸಲ ಪ್ರೀತಿಯಿಂದ ನೋಡುತ್ತಿದ್ದ. ಶನಿವಾರ ಅದು ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು, ಬಂದದ್ದರಲ್ಲಿ ಅವನ ಕೊನೆಯ ವರ್ಷದ ಫೀಜು ಕಟ್ಟಬೇಕು. ಸೋಮವಾರ ದಾಟಿದರೆ ಹೆಸರು ಹೊಡೆದುಹಾಕುತ್ತೇವೆಂದು ಯೂನಿವರ್ಸಿಟಿಯವರು ಹೇಳಿಯಾಗಿತ್ತು.

ಅವನು ಓದುತ್ತಿದ್ದುದು ತಾನು ಸೇರಿದ ವರ್ಷವೇ ಶುರುವಾಗಿದ್ದ ಹೊಸ ಕೋರ್ಸು. ಶಿಶು ಶಿಕ್ಷಣವನ್ನೂ ಜನಸೇವೆಯನ್ನೂ ಒಟ್ಟಿಗೆ ಕಲಿಸುವಂಥದ್ದು. ತರಗತಿಯ ತುಂಬ ಹುಡುಗಿಯರು, ಗಂಡೆಂದರೆ ಇವನೊಬ್ಬ.

"ಕೂಸು ಆಡ್ಸೋಕೆ ಡಿಗ್ರಿ ಯಾಕ್ಲಾ? ನಿಮ್ಮಜ್ಜಿ ಹನ್ನೊಂದು ಆಡ್ಸಿದ್ಲು. ಅವಳ್ಗೆ ಯಾವನು ಸರ್ಟಿಫಿಕೇಟ್ ಕೊಟ್ಟ?" ಎಂದು ಏಕಾಂತಯ್ಯ ಮೊದಲ ವರ್ಷವೇ ಕೇಳಿದ್ದ. ಕೇಳುತ್ತಲೇ ಫೀಜನ್ನೂ ಕಟ್ಟುತ್ತ ಬಂದಿದ್ದ. ಯೋಗೀಶನಿಗೋ ಆ ಓದು ನಿಜಕ್ಕೂ ಹಿಡಿಸಿತ್ತು. ಇನ್ನೊಂದು ವರ್ಷ ಕಳೆದರೆ ಊರಿಗೇ ಬಂದು, ಮಕ್ಕಳು ಅಳದೆ ಬರುವಂಥ ಒಂದು ಶಿಶುವಿಹಾರ ತೆಗೆಯಬೇಕೆಂದಿದ್ದ.

ಈ ಸಲ ಊರಿಗೆ ಹೊರಟಾಗ ಮೇಡಂ ಒಂದು ಕೆಲಸ ಕೊಟ್ಟು ಕಳಿಸಿದ್ದರು. ಆರು ವರ್ಷದೊಳಗಿನ ಒಂದು ಮಗುವನ್ನು ಹಿಡಿದು, ಅದರ ಮಾತು, ಆಟ, ಎತ್ತರ, ತೂಕ ನೋಡಿಕೊಂಡು ಬರಬೇಕು. ಪಕ್ಕದ ಮನೆ ಗುರುಶಾಂತಮ್ಮನ ಮೊಮ್ಮಗಳು ಇಂಪನಾ ಸಿಕ್ಕಿದ್ದಳು. ಉಳಿದೆಲ್ಲ ಮುಗಿದು ತೂಕವೊಂದು ಬಾಕಿಯಿತ್ತು. ಅಂಗನವಾಡಿಯ ತಕ್ಕಡಿಯ ಸ್ಪ್ರಿಂಗು ಪ್ರಾಣ ಬಿಟ್ಟು, ಕೂಸು ಕೂರಲಿ ಟೀಚರೇ ಕೂರಲಿ ಮುಳ್ಳು ಅಲ್ಲಾಡುತ್ತಿರಲಿಲ್ಲ. ಇವರ ಮನೆಯಲ್ಲಿ, ಏಕಾಂತಯ್ಯ ಊರವರ ಕೊಬ್ಬರಿ ಕೊಳ್ಳುವವನಾದ್ದರಿಂದ, ತೊಲೆಗೆ ಕಟ್ಟಿದ ದೊಡ್ಡ ತಕ್ಕಡಿಯಿತ್ತು. ಆದರೆ ತೂಕದ ಕಲ್ಲುಗಳಿಗೆ ವರ್ಷದ ಸರ್ಕಾರಿ ಮುದ್ರೆ ಹಾಕಿಸಲು ಅವನು ಅವನ್ನೆಲ್ಲ ಚೀಲಕ್ಕೆ ತುಂಬಿ ಬೆಳಗಿನ ಬಸ್ಸಿಗೇ ತುರುವೇಕೆರೆಗೆ ಹೋಗಿದ್ದ.

ಯೋಗೀಶನಿಗೆ ಒಂದು ಉಪಾಯ ಹೊಳೆಯಿತು. ಅವನ ತಾಪತ್ರಯಕ್ಕೆಲ್ಲ ಆ ಉಪಾಯವೇ ಮೂಲ.

"ಕಾಳಕ್ಕ, ಇಂಪನಾನ ಒಂದು ತಟ್ಟೇಲಿ ಕೂರ್ಸ್ತೀನಿ. ಇನ್ನೊಂದ್ರಾಗೆ ಕೊಬ್ಬರಿ ಹಾಕು. ಸಮ ಆದ್ಮೇಲೆ ಆ ಕೊಬ್ಬರಿ ಎತ್ತಿಟ್ರೆ ಸಂಜೆ ಕಲ್ಲು ಬಂದಾಗ ತೂಗ್ಬೋದು."

"ಓದಿದ್ ತಲೆ ಅಂದ್ರೆ ಇದು ಕಣಪ್ಪ," ಎಂದಳು ಕಾಳಕ್ಕ.

ಇಂಪನಾ ಚಕ್ಕಳಮಕ್ಕಳ ಹಾಕಿಕೊಂಡು ತಟ್ಟೆಯಲ್ಲಿ ಕೂತಳು. ಕಾಳಕ್ಕ ಕೊಬ್ಬರಿ ಹಾಕುತ್ತ ಹೋದಳು. ಅವಳ ತಟ್ಟೆ ಮೆಲ್ಲಗೆ ನೆಲ ಬಿಟ್ಟಿತು. ಇಂಪನಾ ಕೇಕೆ ಹಾಕಿ ನಕ್ಕಳು. ಸರಿಯಾಗಿ ಆ ಹೊತ್ತಿಗೆ ಮೊಮ್ಮಗಳನ್ನು ಹುಡುಕಿಕೊಂಡು ಬಂದ ಗುರುಶಾಂತಮ್ಮ ಹೊಸ್ತಿಲಲ್ಲಿ ಕಲ್ಲಾಗಿ ನಿಂತಳು. ಕೈಯಲ್ಲಿದ್ದ ಚೆಂಬು ಠಣ್ಣೆಂದು ಬಿತ್ತು. ಅವಳೂ ಅದರ ಹಿಂದೆಯೇ ಮಂಡಿಯೂರಿದಳು.

"ಅಯ್ಯೋ ಕೋಡಿಯಮ್ಮಾ! ನೀನೇ ಕೇಳಿ ಈಸ್ಕೊಂಡ್ಯೇನೇ ತಾಯೀ!"

ಯೋಗೀಶ ಗಾಬರಿಯಾದ. "ಏನಾಯ್ತಜ್ಜಿ?"

"ಈ ಕೂಸಿಗೆ ಹಾಲ್ಗೂಸಲ್ಲಿ ಜ್ವರ ಬಂದಾಗ ಇದರ ತೂಕದ ಕೊಬ್ಬರಿ ಕೊಡ್ತೀನಿ ಅಂತ ಅಮ್ಮಂಗೆ ಹರಸ್ಕೊಂಡಿದ್ದೆ ಕಣಪ್ಪ. ಇವತ್ತು ನಾಳೆ ಅಂತ ಮುಂದಕ್ಕಾಕ್ದೆ. ನೋಡು, ನಿನ್ ಕೈಲಿ ತೂಗ್ಸವ್ಳೆ!"

"ಇದು ಹರಕೆ ಅಲ್ಲ ಕಣಜ್ಜಿ. ನಾನು ಬರೀ ತೂಕ ನೋಡ್ತಿದ್ದೆ!"

"ನೀನ್ ನೋಡಿದ್ದು ತೂಕ. ಅಮ್ಮ ನೋಡಿದ್ದು ಹರಕೆ."

ಕೆರೆಕೋಡಿಯಲ್ಲಿದ್ದ ಆ ಅಮ್ಮನ ಗುಡಿಯ ಪೂಜಾರಿ ಹುಚ್ಚಣ್ಣನಿಗೆ ಕರೆ ಹೋಯಿತು. ಅವನು ಬಂದು ತಕ್ಕಡಿಯ ಸುತ್ತ ಒಂದು ಬಾರಿ ಸುತ್ತಿದ.

"ಕೂಸು ಈ ತಟ್ಟೇಲಿ, ಕೊಬ್ಬರಿ ಆ ತಟ್ಟೇಲಿ. ಎರಡೂ ಸಮ ನಿಂತವೆ. ಇದನ್ನ ತುಲಾಭಾರ ಅನ್ನದೆ ಇನ್ನೇನಂತಾರಪ್ಪ ನಿಮ್ ಯೂನಿವರ್ಸಿಟೀಲಿ?"

ಯೋಗೀಶ ಕೊಬ್ಬರಿ ತೆಗೆಯಲು ತಟ್ಟೆಗೆ ಕೈ ಹಾಕಿದ. ಅಷ್ಟರಲ್ಲಿ ಹುಚ್ಚಣ್ಣ ಕೊಬ್ಬರಿಯ ಮೇಲೆ ತೀರ್ಥ ಚಿಮುಕಿಸಿ ಕುಂಕುಮ ಇಟ್ಟಾಗಿತ್ತು.

"ಸಂಜೆಗಂಟ ಇಲ್ಲೇ ಇರ್ಲಿ ಹುಚ್ಚಣ್ಣ, ತೂಕ ಹಾಕ್ಕೊಂಡಾದ್ರೂ ಕೊಡ್ತೀನಿ."

"ದೇವ್ರ ಮಾಲ್ನ ತೂಗ್ತೀಯಾ? ಅಮ್ಮಂಗೇ ಲೆಕ್ಕ ಕೇಳ್ತೀಯಾ?"

ಇಂಪನಾಳ ತೂಕ ಮಂಕರಿಯಲ್ಲಿ ಕೂತು, ಹುಚ್ಚಣ್ಣನ ತಲೆಯೇರಿ ಕೆರೆಕೋಡಿಯ ಕಡೆಗೆ ಹೊರಟುಹೋಯಿತು.

ಹೋದದ್ದು ಅಷ್ಟೇ ಎಂದುಕೊಂಡು ಯೋಗೀಶ ನೀರು ಕುಡಿಯಲು ಒಳಗೆ ಹೋದ. ಹೊರಗೆ ಬಂದಾಗ ಊರ ಹಿರಿಯ ದೊಡ್ಡರಂಗಯ್ಯ ಜಗಲಿಯ ಮೇಲಿದ್ದ. ಎರಡು ತೊಡೆಗೂ ಒಂದೊಂದು ಮೊಮ್ಮಗ. ಎರಡೂ ಕಣಜದ ಹಾಗಿದ್ದವು.

"ನಮ್ದೂ ಒಂದು ಹರಕೆ ಬಾಕಿ ಐತೆ ಯೋಗೀಶಪ್ಪ. ಅಮ್ಮ ಇವತ್ತು ನಿನ್ ಮನೇಗೇ ಬಂದು ಕೂತವ್ಳೆ ಅಂದ್ರು."

"ಇದು ನಮ್ಮಪ್ಪನ ಕೊಬ್ಬರಿ ಗೌಡ್ರೇ! ನನ್ ಫೀಜು!"

"ನೀನ್ ಓದ್ತಿರೋದೇನಪ್ಪ?"

"ಮಕ್ಕಳ ಶಿಕ್ಷಣ... ಜನಸೇವೆ."

"ಇವು ಮಕ್ಳು. ನಾವು ಜನ. ಇನ್ನೇನು ಮಾಡ್ಬೇಕು ಅಂತ ಪುಸ್ತಕ ನೋಡ್ಬೇಕಾ?"

ಪಡಸಾಲೆಯಲ್ಲಿದ್ದವರೆಲ್ಲ "ಹೌದಲ್ವಾ" ಎಂದರು. ಎಷ್ಟು ಜನ ಸೇರಿದ್ದಾರೆಂದು ಯೋಗೀಶ ಆಗಲೇ ನೋಡಿದ್ದು. ಬಾಗಿಲಿನಿಂದ ಬೇವಿನ ಮರದ ತನಕ ಕಂಕುಳಿಗೊಂದರಂತೆ ಮಕ್ಕಳಿದ್ದವು. ಈ ಊರಲ್ಲಿ ದಡಾರ, ನಾಯಿಕೆಮ್ಮು, ಹಾವಿನ ಹೆದರಿಕೆ ಏನೇ ಬಂದರೂ ಕೋಡಿಯಮ್ಮನಿಗೆ ಹರಸಿಕೊಳ್ಳುವುದಿತ್ತು, ವಾಸಿಯಾದ ಮೇಲೆ ಕೊಬ್ಬರಿಗೆ ಒಳ್ಳೆ ರೇಟು ಬರಲೆಂದು ಕಾಯುವುದೂ ಇತ್ತು. ಹಾಗೆ ಕಾಯುತ್ತಿದ್ದವರೆಲ್ಲ ಇವತ್ತೇ ಎದ್ದು ಬಂದಿದ್ದರು.

ಯೋಗೀಶ ಬೇಡವೆಂದ, ಕೈ ಮುಗಿದ, ತಟ್ಟೆಗೆ ಅಡ್ಡ ನಿಂತ. "ಗುರುಶಾಂತಮ್ಮನ ಕೂಸು ಕೂಸು, ನಮ್ದು ಕಲ್ಲುಗುಂಡಾ?" ಎಂದು ಹೆಂಗಸೊಬ್ಬಳು ಕೇಳಿದಳು. ಎಲ್ಲ ಮಕ್ಕಳನ್ನೂ ಸಮನಾಗಿ ಕಾಣಬೇಕೆಂಬುದು ಅವನ ಓದಿನ ಮೊದಲನೇ ಪಾಠ. ಅವನು ಪಕ್ಕಕ್ಕೆ ಸರಿದ. ಸರಿದದ್ದೇ ತಡ, ತಕ್ಕಡಿ ಏತದ ಹಾಗೆ ಏಳುವುದಕ್ಕೂ ಇಳಿಯುವುದಕ್ಕೂ ಶುರುಮಾಡಿತು. ಓಬಳೇಶ ಎಂಬುವನು ಹೈಸ್ಕೂಲಿಗೆ ಹೋಗುವ ತಮ್ಮನನ್ನೇ ತಂದು ಕೂರಿಸಿದ.

"ಇವ್ನಿಗೆ ಮೀಸೆ ಬಂದೈತಲ್ಲೋ!"

"ಮೀಸೆ ಬೇಗ ಬಂದೈತೆ ಕಣಣ್ಣ. ಬುದ್ಧಿ ಇನ್ನೂ ಅಂಗನವಾಡೀದೇ."

ಕೊನೆಗೆ ಕಾಳಕ್ಕನೂ ಮಚ್ಚು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಎಲ್ಲಿಂದಲೋ ತನ್ನ ಮೊಮ್ಮಗನನ್ನು ಎತ್ತಿಕೊಂಡು ಬಂದಳು.

"ನೀನೂನಾ ಕಾಳಕ್ಕ?"

"ಬೆಳಿಗ್ಗೆಯಿಂದ ಚಿಪ್ಪು ಬಿಡಿಸ್ದೋಳು ನಾನಲ್ವೇನಪ್ಪ?" ಎಂದಳು ನೆಲ ನೋಡುತ್ತ.

ಹೊತ್ತಿಳಿಯುವಾಗ ಎಮ್ಮೆಯಷ್ಟಿದ್ದ ರಾಶಿ ಕರುವಿನಷ್ಟಾಗಿತ್ತು. ಸಂಜೆಯ ಬಸ್ಸು ಹಾರನ್ ಹೊಡೆಯಿತು. ಸ್ವಲ್ಪ ಹೊತ್ತಿಗೆ ಏಕಾಂತಯ್ಯ ಕಲ್ಲಿನ ಚೀಲ ಹೊತ್ತು ಬಾಗಿಲಲ್ಲಿ ಕಾಣಿಸಿಕೊಂಡ. ಅವನು ರಾಶಿ ನೋಡಿದ, ಮಂಕರಿಗಳನ್ನು ನೋಡಿದ, ಮಗನನ್ನು ನೋಡಿದ. ಚೀಲ ಹೆಗಲಿನಿಂದ ತಾನಾಗಿ ಜಾರಿತು.

ಮಂಕರಿ ಹೊರಲು ಮತ್ತೆ ಮತ್ತೆ ಬಂದುಹೋಗುತ್ತಿದ್ದ ಹುಚ್ಚಣ್ಣ ನಡೆದದ್ದನ್ನೆಲ್ಲ ಹೇಳಿದ. ಯೋಗೀಶ ಕಣ್ಣು ಮುಚ್ಚಿಕೊಂಡು ಕಪಾಳಕ್ಕೆ ಬೀಳುವ ಏಟಿಗೆ ಕಾದ. ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪನ ಮುಖ ಬೂದಿ ಬಳಿದಂತೆ ಬೆಳ್ಳಗಾಗಿತ್ತು.

"ಅಮ್ಮ ಎಲ್ಲಾರ ಬಾಕೀನೂ ಕೇಳಿ ಈಸ್ಕೊಂಡ್ಲಾ ಹುಚ್ಚಣ್ಣ?"

"ಒಂದೂ ಬುಡ್ಲಿಲ್ಲ ಕಣಪ್ಪ."

ಏಕಾಂತಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಜೋಡಿಸಿದ. "ಹಂಗಾರೆ ನಂದೂ ತಗೊಳ್ಳವ್ವ. ಇವ್ನು ಮೂರು ವರ್ಷದೋನಿದ್ದಾಗ ದಡಾರ ಎದ್ದು ಕಣ್ಣು ಮೇಲೆ ಮಾಡ್ದಾಗ, ಇವನ ತೂಕದ ಕೊಬ್ಬರಿ ಕೊಡ್ತೀನಿ ಅಂದಿದ್ದೆ. ರೇಟು ಏರ್ಲಿ ಅಂತ ಕಾದೆ. ರೇಟು ಅಲ್ಲೇ ಐತೆ, ಮಗ ಏರ್ದ. ಕೂತ್ಕಳ್ಳಾ ತಟ್ಟೇಲಿ."

"ಅಪ್ಪಾ! ಆಗ್ಲೇ ಕೊಟ್ಟಿದ್ರೆ ಒಂದು ಮಂಕರೀಲಿ ಮುಗೀತಿತ್ತಲ್ಲಪ್ಪಾ!"

"ಉಳಿದಿದ್ದು ಬಡ್ಡಿ ಅಂದ್ಕೋ. ಕೂತ್ಕೋ."

ಯೋಗೀಶ ಕೂತ. ಮೊಣಕಾಲು ಗಲ್ಲಕ್ಕೆ ತಾಗಿತು. ಫೀಜಿನ ಕೊಬ್ಬರಿ ಕಣ್ಣೆದುರೇ ಎದುರಿನ ತಟ್ಟೆ ಸೇರುತ್ತ ಹೋಯಿತು. ರಾಶಿ ಮುಗಿಯಿತು. ಕಾಳಕ್ಕ ಮೂಲೆಗೆ ಉರುಳಿದ್ದ ಉಂಡೆಗಳನ್ನೂ ಆರಿಸಿ ತಂದು ಹಾಕಿದಳು. ಯೋಗೀಶ ಕೂತ ತಟ್ಟೆ ನೆಲ ಕಚ್ಚಿಕೊಂಡೇ ಇತ್ತು. "ವಾಚು ಬಿಚ್ಚು," "ಉಸ್ರು ಹಿಡ್ಕೋ," ಎಂದು ನಾಲ್ಕೂ ಕಡೆಯಿಂದ ಸಲಹೆ ಬಂತು. ಅವನು ಎರಡೂ ಮಾಡಿದ. ತಟ್ಟೆ ಅಲ್ಲಾಡಲಿಲ್ಲ. ಸೋತು ಏಳಹೋದ.

"ಏಳ್ಬ್ಯಾಡ!" ಹುಚ್ಚಣ್ಣ ಕೂಗಿದ. "ನೆಲ ಬುಡದೆ ಎದ್ರೆ ಕೊಟ್ಟಿದ್ದೆಲ್ಲಾ ವ್ಯರ್ಥ. ಮತ್ತೆ ಮೊದಲಿಂದ ತೂಗ್ಬೇಕು!"

ಏಕಾಂತಯ್ಯ ಊರವರತ್ತ ತಿರುಗಿದ. "ಒಂದಿಷ್ಟು ಕೊಬ್ಬರಿ ಸಾಲ ಕೊಡ್ರಪ್ಪ."

ದೊಡ್ಡರಂಗಯ್ಯನಿಗೆ ಹಸು ಕರೆಯುವ ಹೊತ್ತಾಗಿದ್ದು ನೆನಪಾಯಿತು. ಓಬಳೇಶನಿಗೆ ತೋಟದಲ್ಲಿ ನೀರು ಬಿಟ್ಟು ಬಂದದ್ದು ನೆನಪಾಯಿತು. ಬೇವಿನ ಮರದ ತನಕ ನಿಂತಿದ್ದ ಜನ ನೋಡನೋಡುತ್ತ ಕರಗಿದರು. ಯೋಗೀಶ ತಟ್ಟೆಯಲ್ಲಿ ಮುದುರಿಕೊಂಡು ಅವರ ಬೆನ್ನುಗಳನ್ನು ಬಾಯಿ ಬಿಟ್ಟು ನೋಡುತ್ತಿದ್ದ.

ಕಡೆಗೆ ಗುರುಶಾಂತಮ್ಮ ತನ್ನ ಮನೆಯಿಂದ ಒಂದು ಮಂಕರಿ ಹೊತ್ತು ತಂದಳು. ಬೆಳಿಗ್ಗೆ ಇಂಪನಾಳ ಹೆಸರಿನಲ್ಲಿ ಹೋದದ್ದು ಎಷ್ಟೋ ಸರಿಯಾಗಿ ಅಷ್ಟೇ ಇತ್ತು. ಕಡೆಯ ಉಂಡೆ ಬಿದ್ದಾಗ ತಕ್ಕಡಿ ನರಳಿತು, ಯೋಗೀಶ ನೆಲ ಬಿಟ್ಟ. ಹುಚ್ಚಣ್ಣ ಗಂಟೆ ಬಾರಿಸಿದ, ಇಂಪನಾ ಚಪ್ಪಾಳೆ ತಟ್ಟಿದಳು, ಏಕಾಂತಯ್ಯ ಕಣ್ಣೊರೆಸಿಕೊಂಡ.

"ನಿನ್ ಉಪಕಾರ ಮರೆಯಕ್ಕಿಲ್ಲ ಗುರುಶಾಂತಕ್ಕ. ಇವ್ನು ಇನ್ಯಾಕೆ ಓದಕ್ಕೆ ಹೋಗ್ತಾನೆ? ಕಾಳಕ್ಕನ ಜೊತೆ ಚಿಪ್ಪು ಬಿಡಿಸಿ, ಹೊಸ ಕೊಬ್ಬರೀಲಿ ನಿನ್ ಸಾಲ ತೀರ್ಸ್ತಾನೆ."

ತಟ್ಟೆ ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಅದರೊಳಗೆ ಯೋಗೀಶ ಎರಡೂ ಕೈಯಲ್ಲಿ ಅಂಚು ಹಿಡಿದು ಕೂತಿದ್ದ. ಗುರುಶಾಂತಮ್ಮ ಅವನ ಕೆನ್ನೆ ಸವರಿ ಲಟಿಕೆ ಮುರಿದಳು.

"ನಿಧಾನಕ್ಕೆ ತೀರ್ಸಪ್ಪ, ಬಡ್ಡಿಗಿಡ್ಡಿ ಏನೂ ಬ್ಯಾಡ. ಎಲ್ಲಾ ನೀನೊಬ್ನೇ ಮಾಡಿದ್ರೆ ಹೆಂಗೆ? ನಾವೂ ಒಂದೀಟು ಜನಸೇವೆ ಮಾಡದು ಬ್ಯಾಡ್ವಾ?"